ಗಂಗೂಬಾಯಿಯ ಗಿರಣಿ, ದಾದಾಸಾಹೇಬನ ಕಿವಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ದಾದಾಸಾಹೇಬ ಏಕಸಂಬಿಯ ಪಟ್ಟಣ ಪಂಚಾಯಿತಿಗೆ ಹೋಗಿ, ತನ್ನ ಮನೆಯೊಂದಿಗೆ ಗೋಡೆ ಹಂಚಿಕೊಂಡಿರುವ ಗಂಗೂಬಾಯಿಯ ಹಿಟ್ಟಿನ ಗಿರಣಿಯ ಮೇಲೆ ದೂರು ಕೊಟ್ಟ. ಗಿರಣಿಯ ಸದ್ದಿನಿಂದ ತನ್ನ ಮನೆಯ ಸಂಗೀತ ಕೆಡುತ್ತಿದೆ ಎಂಬುದು ದೂರಿನ ಸಾರ. ಆ ಹೊತ್ತಿಗೆ ಅವನ ಮನೆಯ ಸಂಗೀತಕ್ಕೆ ಏನೂ ಆಗಿರಲಿಲ್ಲ. ಅದು ಕೆಟ್ಟದ್ದು ಗುರುವಾರ, ದೂರಿನ ಮೇಲೆ ಕ್ರಮ ಜರುಗಿದ ಮೇಲೆ.

ದಾದಾಸಾಹೇಬ ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕ. ನಿಪ್ಪಾಣಿ, ರಾಯಬಾಗ, ಅಥಣಿ, ಮಿರಜ ಕಡೆಯ ಬಸ್ಸುಗಳನ್ನು ಧ್ವನಿವರ್ಧಕದಲ್ಲಿ ಕೂಗುವುದು ಅವನ ಪಾಳಿಯ ಕೆಲಸ. ದಿನವಿಡೀ ತನ್ನ ದನಿಯೇ ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳಿ ಕೇಳಿ, ಮನೆಗೆ ಹೋದ ಮೇಲಾದರೂ ಒಂದು ಒಳ್ಳೆಯ ದನಿ ಕಿವಿಗೆ ಬೀಳಲಿ ಎಂಬ ಆಸೆ ಅವನಲ್ಲಿ ಬೆಳೆದಿತ್ತು. ಅದಕ್ಕೇ ಮಿರಜದ ಒಬ್ಬ ಡಾಕ್ಟರರ ಮನೆಯವರು ಹಳೆಯ ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್ ಮತ್ತು ಸೊಂಟದೆತ್ತರದ ಎರಡು ಸ್ಪೀಕರ್ ಮಾರುತ್ತಾರೆಂದು ತಿಳಿದಾಗ ಟೆಂಪೋ ಮಾಡಿಕೊಂಡು ಹೋಗಿ ತಂದ. ತಂತಿಗಳನ್ನು ತಾನೇ ಜೋಡಿಸಿದ. ನಡುಮನೆಗೆ ‘ಕೇಳುವ ಕೋಣೆ’ ಎಂದು ಹೆಸರಿಟ್ಟ. ಹೆಂಡತಿ ದ್ರೌಪದಿ ಆ ಕೋಣೆಯಲ್ಲಿ ಬಳೆ ಸದ್ದು ಮಾಡಬಾರದೆಂದು ಅಪ್ಪಣೆಯಾಯಿತು. ಅವಳು ಬಳೆ ತೆಗೆಯಲಿಲ್ಲ, ಆ ಕೋಣೆಯ ಕಸ ಗುಡಿಸುವುದನ್ನು ಬಿಟ್ಟಳು.

ಮೊಬೈಲಿನಲ್ಲಿ ‘ಗಡಿಭಾಗದ ಶ್ರೋತೃ ಬಳಗ’ ಎಂಬ ಗುಂಪಿತ್ತು. ನಿಪ್ಪಾಣಿಯ ವಿಕ್ರಾಂತ ಅದರ ಮುಖಂಡ. ಅಜ್ಜನ ಕಾಲದ ತಂಬಾಕು ಗೋದಾಮಿನಲ್ಲಿ ಗೋಡೆಗೆಲ್ಲ ಹತ್ತಿ ಹೊಡೆಸಿ ಕೂತು ಹಾಡು ಕೇಳುವ ಮನುಷ್ಯ. ಯಾವ ಸೆಟ್ಟಿನಲ್ಲಿ ಸಾಂಗೀತಿಕತೆ ಇದೆ, ಯಾವುದರಲ್ಲಿ ಬರೀ ಸದ್ದು ಇದೆ ಎಂಬ ಬಗ್ಗೆ ಅವನ ಮಾತೇ ಕೊನೆಯದು. ಇಂಥ ವಿಕ್ರಾಂತ ದೀಪಾವಳಿಯ ನಂತರ ಒಂದು ಬೆಳಿಗ್ಗೆ ಏಕಸಂಬಿಗೆ ಬಂದು, ದಾದಾಸಾಹೇಬನ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು, ಒಂದು ಹಳೆಯ ಖಯಾಲಿನ ರೆಕಾರ್ಡ್ ಕೇಳಿ ಗುಂಪಿನಲ್ಲಿ ಹೀಗೆ ಬರೆದ: ‘ತಂಬೂರಿಯ ಖರ್ಜ ಅಂದರೆ ಇದು. ಕಿವಿಗಲ್ಲ, ಕೂತ ಚಾಪೆಗೇ ತಾಗುತ್ತದೆ. ನನ್ನ ಗೋದಾಮಿನಲ್ಲೂ ಇದು ಇಲ್ಲ.’ ಖರ್ಜ ಎಂದರೆ ತಂಬೂರಿಯ ಕೆಳಗಿನ ತಂತಿಯ ಗುಂಗು. ಅಂದಿನಿಂದ ದಾದಾಸಾಹೇಬ ನಿಲ್ದಾಣದಲ್ಲಿ ಬಸ್ ಕೂಗುವಾಗಲೂ ದನಿ ಸ್ವಲ್ಪ ಕೆಳಗಿಳಿಸಿ ಕೂಗತೊಡಗಿದ.

ಆಮೇಲೆ ಬಳಗದಲ್ಲಿ ಒಂದು ಚರ್ಚೆ ಎದ್ದಿತು. ನಿಮ್ಮ ಕೋಣೆಯ ವೈರಿ ಯಾವ ಸದ್ದು? ವಿಕ್ರಾಂತನಿಗೆ ಹೆದ್ದಾರಿಯ ಹಾರ್ನು ವೈರಿ. ಕಾಗವಾಡದ ದ್ರಾಕ್ಷಿ ತೋಟದ ಪಾರಿಸನಿಗೆ ಪಕ್ಕದ ಕೋಲ್ಡ್ ಸ್ಟೋರೇಜಿನ ಮೋಟರು. ದೊಡ್ಡ ಕಿವಿಯವರಿಗೆಲ್ಲ ಒಂದೊಂದು ವೈರಿ ಇರುವಾಗ ತನಗಿಲ್ಲದಿರುವುದು ದಾದಾಸಾಹೇಬನಿಗೆ ಕೀಳೆನಿಸಿತು. ‘ಗಿರಣಿ’ ಎಂದು ಬರೆದ. ‘ಏನು ಕ್ರಮ ಕೈಗೊಂಡಿರಿ?’ ಎಂದು ಪಾರಿಸ ಕೇಳಿದ. ಹೀಗಾಗಿ ಮಂಗಳವಾರದ ದೂರು. ಠಸ್ಸೆ ಬಿದ್ದ ಅರ್ಜಿಯ ಫೋಟೋ ತೆಗೆದು ಗುಂಪಿಗೆ ಹಾಕುವುದಷ್ಟೇ ಅವನ ಉದ್ದೇಶ. ಅರ್ಜಿ ಅಲ್ಲೇ ಧೂಳು ತಿನ್ನುತ್ತದೆ ಎಂಬ ನಂಬಿಕೆ ಅವನಿಗಿತ್ತು.

ಆದರೆ ಆರೋಗ್ಯ ನಿರೀಕ್ಷಕ ಸಂಗ್ರಾಮ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಅವನ ಕೈಗೆ ಬಂದ ಮೊದಲ ದೂರು ಇದು. ಕುರ್ಚಿ ಎಳೆದು ಕೊಟ್ಟ, ಚಹಾ ತರಿಸಿದ, ಪೆನ್ನು ತೆರೆದ.

“ಗಿರಣಿ ಸದ್ದು ನಿಮಗ ಏನ ಮಾಡತೈತ್ರಿ? ನಿದ್ದಿ ಕೆಡಸತೈತಿ?”

“ನಿದ್ದಿಗೇನೂ ಆಗಿಲ್ರಿ. ಸಾಂಗೀತಿಕತೆ ಹಾಳಾಗತೈತಿ.”

“ಅದು ಎಲ್ಲಿರತೈತ್ರಿ, ಕಿವಿಯೊಳಗ?”

“ಕಿವಿಯೊಳಗ ಅಲ್ರಿ, ಸೆಟ್ಟಿನ್ಯಾಗ. ಒಂದು ಸೆಟ್ಟು ಎಲ್ಲಾ ಬರೋಬರಿ ನುಡಸತೈತಿ, ಆದ್ರ ಕೇಳಿದವಗ ಏನೂ ಅನಸೂದಿಲ್ಲ. ಇನ್ನೊಂದು ಹಚ್ಚಿದ್ರ ಕಾಲು ತಾನ ತಾಳ ಹಾಕತೈತಿ, ಮುಂದಿನ ಚಾ ಆರಿದ್ದ ಗೊತ್ತಾಗೂದಿಲ್ಲ. ಆ ಎರಡನೇದ್ರೊಳಗ ಇರೂದಕ್ಕ ಸಾಂಗೀತಿಕತೆ ಅಂತಾರ್ರಿ.”

“ಚಾ ಆರತೈತಿ,” ಎಂದು ಸಂಗ್ರಾಮ ಬರೆದುಕೊಂಡ. “ಅಂದ್ರ ದಿನನಿತ್ಯದ ಜೀವನಕ್ಕ ತೊಂದ್ರಿ. ಕಾಲಿಗೂ ಪರಿಣಾಮ ಐತಿ.”

“ಹಂಗಲ್ರಿ ಸಾಹೇಬ್ರ...”

“ನೀವು ಕಾಳಜಿ ಮಾಡಬ್ಯಾಡ್ರಿ. ಇದನ್ನ ನಾ ತಡಿ ಮುಟ್ಟಸ್ತೀನಿ.”

ಗುರುವಾರ ಬೆಳಿಗ್ಗೆ ಸಂಗ್ರಾಮ ಗಲ್ಲಿಗೆ ಬಂದ. ಸದ್ದು ಅಳೆಯುವ ಯಂತ್ರ ಬೆಳಗಾವಿಯಿಂದ ಶನಿವಾರ ಸಂಜೆ ಬರುತ್ತದೆ, ಸೋಮವಾರ ಬೇರೆ ಊರಿಗೆ ಹೋಗುತ್ತದೆ, ಆದ್ದರಿಂದ ಭಾನುವಾರವೇ ತಪಾಸಣೆ, ಅಲ್ಲಿಯತನಕ ಗಿರಣಿ ಬಂದ್ ಎಂದು ತಿಳಿಸಿದ. ಸದ್ದು ಮಿತಿ ಮೀರಿದ್ದರೆ ಗಿರಣಿಯನ್ನು ವಸತಿಯ ಹೊರಗೆ ಒಯ್ಯಬೇಕೆಂದೂ ಹೇಳಿದ. ಗಂಗೂಬಾಯಿ ಗಿರಣಿಯ ಬೆಲ್ಟು ಬಿಚ್ಚಿ ಮೊಳೆಗೆ ಹಾಕಿದಳು.

ಗಂಡ ತೀರಿದ ಮೇಲೆ ಆ ಗಿರಣಿಯನ್ನು ಒಬ್ಬಳೇ ನಡೆಸಿದವಳು ಗಂಗೂಬಾಯಿ. ಊರ ಹೊರಗೆ ಜಾಗ ಅವಳಿಗಿರಲಿಲ್ಲ. ಗಿರಣಿ ಹೋದರೆ ಸಾಂಗಲಿಯ ಮಗಳ ಮನೆಯಲ್ಲಿ ಅಳಿಯನ ಮುಖ ನೋಡಿಕೊಂಡು ಇರಬೇಕು. ಇದು ಇಡೀ ಗಲ್ಲಿಗೆ ಗೊತ್ತಿತ್ತು, ದಾದಾಸಾಹೇಬನಿಗೂ ಗೊತ್ತಿತ್ತು. ಗೊತ್ತಿದ್ದೂ ಅರ್ಜಿ ಬರೆಯುವಾಗ ನೆನಪಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜೋಳದ ಡಬ್ಬಿ ಹೊತ್ತ ಹೆಂಗಸರು ಬಂದ್ ಆದ ಗಿರಣಿ ನೋಡಿ ನೇರ ಪಕ್ಕದ ದಾದಾಸಾಹೇಬನ ಕಟ್ಟೆಗೆ ಬಂದರು. ಎದುರು ಮನೆಯ ಶೇವಂತಾ ಒಳಗೇ ಬಂದು ಡಬ್ಬಿಯನ್ನು ಸ್ಪೀಕರಿನ ಮುಂದೆ ಇಟ್ಟಳು.

“ಏ ದಾದಾ, ನಿನ್ನ ಪೆಟಿಗಿಯೊಳಗ ಜ್ವಾಳ ಬೀಸತಾರೇನು? ಸಣ್ಣಗ ಬೀಸಪಾ, ನಮ್ಮ ಅತ್ತಿಗೆ ಹಲ್ಲಿಲ್ಲ.”

“ಕಾಕು, ಇದು ಕಾಯ್ದೆದ ವಿಷಯ...”

“ಕಾಯ್ದೆ ತಟ್ಟಿ ರೊಟ್ಟಿ ಮಾಡ್ಲೇನು?”

ದ್ರೌಪದಿಯೂ ಹೆಂಗಸರ ಕಡೆಯೇ ಆದಳು. ಆ ಹೊತ್ತು ತಾಟಿನಲ್ಲಿ ಅನ್ನ ಬಂತು, ಮರುಹೊತ್ತು ಅವಲಕ್ಕಿ ಬಂತು, ಅದರ ಮರುಹೊತ್ತು ಹಿಂದಿನ ಹೊತ್ತಿನ ಅನ್ನವೇ ಬಂತು. “ಗಿರಣಿ ಶುರು ಆಗೋತನಕ ಈ ಮನ್ಯಾಗ ರೊಟ್ಟಿ ಇಲ್ಲ,” ಎಂದಳು. “ಸಾಂಗೀತಿಕತೆ ಹಚ್ಚಿಕೊಂಡು ತಿನ್ರಿ.”

ಎಲ್ಲಕ್ಕಿಂತ ಕಷ್ಟವಾದದ್ದು ಗಂಗೂಬಾಯಿ ಜಗಳವಾಡದೇ ಇದ್ದದ್ದು. ಶುಕ್ರವಾರ ಬೆಳಿಗ್ಗೆ ಅವಳು ದಾದಾಸಾಹೇಬನ ಕೇಳುವ ಕೋಣೆಗೆ ಬಂದು, ಸೆರಗಿನಿಂದ ಹಿಟ್ಟು ಕೊಡವಿ, ಗೋಡೆಗೆ ಒರಗಿ ಕೂತಳು.

“ಹಚ್ಚಪಾ ದಾದಾ. ಇಷ್ಟು ವರ್ಷ ಗಿರಣಿ ಸದ್ದಿನ್ಯಾಗ ನಿನ್ನ ಹಾಡು ಕೇಳಾಕ ಆಗಿಲ್ಲ. ಈಗ ನನಗೂ ಬಿಡುವು ಐತಿ.”

ಅಂದು ಅವನಿಗೆ ವಾರದ ರಜೆ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ವಿಕ್ರಾಂತ ಮೆಚ್ಚಿದ್ದ ರೆಕಾರ್ಡನ್ನೇ ಹಚ್ಚಿದ. ತಂಬೂರಿ ಶುರುವಾಯಿತು. ಶುರುವಾಯಿತು ಎನ್ನುವುದಕ್ಕಿಂತ, ಎಲ್ಲೋ ಸೊಳ್ಳೆ ಸುಳಿದಂತಾಯಿತು. ಖರ್ಜ ಇರಲಿಲ್ಲ. ಗಾಯಕ ಬಾಯಿ ತೆರೆದ. ಅವನ ದನಿ ಅಥಣಿ ಬಸ್ಸು ಹೊರಡುವುದನ್ನು ತಿಳಿಸುವಂತಿತ್ತು. ದಾದಾಸಾಹೇಬ ವಾಲ್ಯೂಮ್ ಹೆಚ್ಚಿಸಿದ. ಬಸ್ಸು ಇನ್ನೂ ಜೋರಾಗಿ ಹೊರಟಿತು.

“ಹಾಡೇನೋ ಛಲೋ ಐತಿ,” ಎಂದಳು ಗಂಗೂಬಾಯಿ. “ಮನಷ್ಯಾಗ ಆರಾಮಿಲ್ಲ ಅನಸತೈತಿ.”

ದಾದಾಸಾಹೇಬ ಸೂಜಿ ಎತ್ತಿದ. ಇದೇ ಭಾನುವಾರ ಹನ್ನೊಂದಕ್ಕೆ ವಿಕ್ರಾಂತ ಇಡೀ ಬಳಗವನ್ನು ಕರೆದುಕೊಂಡು ಆ ಖರ್ಜವನ್ನು ಕೇಳಿಸಲು ಬರುವವನಿದ್ದ. ದಾದಾಸಾಹೇಬ ಪಾರಿಸನಿಗೆ ಗುಟ್ಟಾಗಿ ಫೋನು ಮಾಡಿದ. ಪಾರಿಸ ಗಂಭೀರವಾಗಿ ಕೇಳಿಸಿಕೊಂಡು, ಕೋಣೆ ಖಾಲಿಯಾಗಿದ್ದರೆ ದನಿ ತೆಳುವಾಗುತ್ತದೆ, ಕೌದಿ ಹಾಕಿರಿ ಎಂದ. ಮನೆಯ ಕೌದಿಗಳೆಲ್ಲ ಗೋಡೆಗೇರಿದವು. ಸಾಲಲಿಲ್ಲ. ಶೇವಂತಾಳ ಮನೆಯಿಂದ ಕೌದಿ ತರಲು ಹೋದಾಗ ಅವಳು, “ಥಂಡಿ ಹತ್ತೇತೇನು ಪೆಟಿಗಿಗೆ?” ಎಂದು ಕೇಳಿ, ಹರಿದದ್ದೊಂದನ್ನು ಕೊಟ್ಟಳು. ಪಾರಿಸ ಮತ್ತೆ, ಸ್ಪೀಕರಿನಡಿ ತೆಂಗಿನಕಾಯಿ ಕರಟ ಇಟ್ಟು ನೋಡಿ ಎಂದ. ಇಟ್ಟ. ಅರ್ಥಿಂಗ್ ಸರಿಯಿಲ್ಲದಿದ್ದರೂ ಹಾಗಾಗುತ್ತದೆ ಎಂದ. ದಾದಾಸಾಹೇಬ ಹಿತ್ತಿಲಿನ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು, ಕೊಡಗಟ್ಟಲೆ ನೀರು ಸುರಿದ. ಉಪ್ಪಿನ ಡಬ್ಬಿ ಬರಿದಾದದ್ದು ಅಡುಗೆಮನೆಯಲ್ಲಿ ಪತ್ತೆಯಾಯಿತು. ಅಂದಿನ ಅನ್ನದ ಜೊತೆ ಬಂದ ಸಾರಿನಲ್ಲಿ ಉಪ್ಪಿರಲಿಲ್ಲ.

ಸಂಜೆ ನಾಲ್ಕರ ಸುಮಾರಿಗೆ, ಮತ್ತೆ ಅದೇ ರೆಕಾರ್ಡ್ ಹಚ್ಚಿ ಸೋತು ಕೂತಿದ್ದ ದಾದಾಸಾಹೇಬನ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಖರ್ಜ ಮರಳಿತು. ಚಾಪೆ ಗುಂಯ್ ಎಂದಿತು. ಗಾಯಕ ಮನುಷ್ಯನಾದ. ದಾದಾಸಾಹೇಬನಿಗೆ ಕಣ್ಣು ತುಂಬಿ ಬಂತು, ಕೈಮುಗಿದ. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಗೇರ್ ಹಾಕಿದ ಸದ್ದಾಯಿತು, ಖರ್ಜ ಹೊರಟುಹೋಯಿತು.

ಅವನು ಹೊರಗೆ ಓಡಿದ. ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರು ಎದುರಿನ ಎಮ್ಮೆಗೆ ದಾರಿ ಬಿಡಲು ಅವನ ಗೋಡೆಗೆ ಒತ್ತಿ ನಿಂತಿತ್ತು, ಈಗ ಮುಂದೆ ಸಾಗುತ್ತಿತ್ತು.

“ಏ ನಿಂದ್ರೋ! ನಿಂದ್ರಪಾ!”

ಚಾಲಕ ತಿರುಗಿ ನೋಡಿದ. “ಕಬ್ಬು ಬೇಕೇನ್ರಿ? ಎಳಕೊಳ್ರಿ ಎರಡು ಗಳ.”

“ಕಬ್ಬು ಬ್ಯಾಡ. ಹಿಂದಕ್ಕ ತಗೊಂಡು ಗ್ವಾಡಿ ಹಂತೇಲಿ ಹಚ್ಚು. ಇಂಜಿನ್ ಬಂದ್ ಮಾಡಬ್ಯಾಡ.”

“ಯಾಕ್ರಿ, ಏನಾಗೇತಿ?”

“ಹಾಡು ಮುಗೀಲಿ.”

ಚಾಲಕ ಅವನ ಮುಖ, ಬಾಗಿಲೊಳಗೆ ಕಾಣುವ ಕೌದಿ ಹೊದ್ದ ಗೋಡೆಗಳು, ಕರಟದ ಮೇಲೆ ನಿಂತ ಸ್ಪೀಕರುಗಳು, ಎಲ್ಲವನ್ನೂ ನೋಡಿದ. “ಮನ್ಯಾಗ ದೊಡ್ಡವರು ಯಾರರ ಅದಾರೇನ್ರಿ? ಕರೀಲಿ?” ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.

ದಾದಾಸಾಹೇಬನಿಗೆ ವಿಷಯ ತಿಳಿಯಿತು. ಗಿರಣಿಗೂ ಅವನ ಕೋಣೆಗೂ ನಡುವೆ ಇರುವುದು ಹಳೆಯ ಕಲ್ಲುಮಣ್ಣಿನ ದಪ್ಪ ಗೋಡೆ. ಗಿರಣಿಯ ಕಟಕಟ, ಕಿರಿಕಿರಿಗಳನ್ನೆಲ್ಲ ಗೋಡೆ ತಾನೇ ನುಂಗಿ, ಕೆಳಗಿನ ಗುಂಗನ್ನು ಮಾತ್ರ ಈಚೆ ಬಿಡುತ್ತಿತ್ತು. ವಿಕ್ರಾಂತ ಬಂದಿದ್ದ ಬೆಳಿಗ್ಗೆ ಗಿರಣಿ ಜೋರಿನಲ್ಲಿತ್ತು. ಬಳಗವೆಲ್ಲ ಹೊಗಳಿದ ಸಾಂಗೀತಿಕತೆಯನ್ನು ಅವನು ಸ್ವಂತ ಕೈಯಿಂದ ಅರ್ಜಿ ಬರೆದು ಬಂದ್ ಮಾಡಿಸಿದ್ದ.

ಬಳಗಕ್ಕಾಗಿ ಭಾನುವಾರ ರಜೆ ಮೊದಲೇ ಹಾಕಿದ್ದ, ಈಗ ಶನಿವಾರವೂ ಅರ್ಧ ದಿನ ರಜೆ ಹಾಕಿ ಪಂಚಾಯಿತಿಗೆ ಓಡಿದ.

“ದೂರು ವಾಪಸ್ ತಗೋತೀನ್ರಿ ಸಾಹೇಬ್ರ. ನನಗ ಯಾವ ತೊಂದ್ರೀನೂ ಇಲ್ಲ.”

ಸಂಗ್ರಾಮ ಕದ ಮುಂದೆ ಮಾಡಿ ಬಂದು ದನಿ ತಗ್ಗಿಸಿದ. “ಯಾರರ ಅಂಜಿಕಿ ಹಾಕ್ಯಾರೇನ್ರಿ?”

“ಇಲ್ರಿ.”

“ಗಂಗೂಬಾಯಿ ಏನ ಮಾಡಾಕತ್ತಾಳ?”

“ನಮ್ಮ ಮನ್ಯಾಗ ಬಂದು ಕುಂಡರತಾಳ್ರಿ. ಹಾಡು ಕೇಳತಾಳ.”

“ಮನಿ ಹೊಕ್ಕು ಕುಂತಾಳ!” ಸಂಗ್ರಾಮ ಪೆನ್ನು ತೆಗೆದ. “ಉಳಿದವರು?”

“ಹೆಂಗಸರು ಡಬ್ಬಿ ತಂದಿಟ್ಟಾರ್ರಿ. ಮನ್ಯಾಗ ರೊಟ್ಟಿ ಬಂದ್ ಆಗೇತಿ.”

“ಅನ್ನ ನೀರು ಬಂದ್ ಮಾಡಿ ಒತ್ತಡ. ದಾದಾಸಾಹೇಬ್ರ, ನೀವು ಏಕದಮ್ ಧೈರ್ಯದಿಂದ ಇರ್ರಿ. ನಾಳೆ ಹನ್ನೊಂದಕ್ಕ ಯಂತ್ರ ತಗೊಂಡು ನಾನ ಬರತೀನಿ. ನಿಮ್ಮ ಕೋಣಿಯೊಳಗ ಕುಂತ ಅಳೀತೀನಿ.”

“ಹನ್ನೊಂದಕ್ಕ ಬ್ಯಾಡ್ರಿ, ಮಂದಿ ಬರವರದಾರ...”

“ಛಲೋನ ಆತಲ್ರಿ, ಸಾಕ್ಷಿಗೆ.”

ದಾರಿಯಲ್ಲಿ ದಾದಾಸಾಹೇಬ ಒಂದು ಸಮಾಧಾನ ಕಂಡುಕೊಂಡ. ಅಳೆಯಬೇಕಾದರೆ ಗಿರಣಿ ಓಡಿಸಲೇಬೇಕು. ಗಿರಣಿ ಓಡಿದರೆ ಬಳಗಕ್ಕೆ ಖರ್ಜ ಕೇಳುತ್ತದೆ, ಮರ್ಯಾದೆ ಉಳಿಯುತ್ತದೆ. ಆದರೆ ಗಿರಣಿ ಓಡಿದರೆ ಯಂತ್ರಕ್ಕೂ ಕೇಳುತ್ತದೆ, ಗಂಗೂಬಾಯಿ ಸಾಂಗಲಿಗೆ ಹೋಗುತ್ತಾಳೆ. ವಿಕ್ರಾಂತನಿಗೆ ಕೇಳಿ ಯಂತ್ರಕ್ಕೆ ಕೇಳದಂತೆ ಮಾಡುವ ಉಪಾಯವನ್ನು ಅವನು ಮನೆ ಮುಟ್ಟುವತನಕ ಹುಡುಕಿದ. ಸಿಗಲಿಲ್ಲ.

ಭಾನುವಾರ ಹನ್ನೊಂದಕ್ಕೆ ಗಲ್ಲಿಯಲ್ಲಿ ಸಂತೆಯಂತೆ ಜನ. ತಪಾಸಣೆಗಾಗಿ ಗಿರಣಿ ಶುರುವಾಗುತ್ತದೆಂದು ಕೇಳಿ, ನಾಳೆ ಇರುತ್ತದೋ ಇಲ್ಲವೋ ಎಂದು ಊರಿನ ಅರ್ಧ ಹೆಂಗಸರು ಡಬ್ಬಿ ತಂದು ಸಾಲು ಹಚ್ಚಿದ್ದರು. ಆ ಸಾಲನ್ನು ದಾಟಿ ಬಳಗ ಒಳಗೆ ಬಂತು. ವಿಕ್ರಾಂತ ಬಿಳಿ ಜುಬ್ಬಾದಲ್ಲಿ ಮುಂದೆ ಕೂತ, ಪಾರಿಸ ಅವನ ಬಲಕ್ಕೆ, ಉಳಿದವರು ಹಿಂದೆ. ಸಂಗ್ರಾಮ ಯಂತ್ರ ಹಿಡಿದು ಮೂಲೆಯಲ್ಲಿ ನಿಂತ.

“ಎಲ್ಲಾರೂ ಕಣ್ಣು ಮುಚ್ಚರಿ,” ಎಂದ ವಿಕ್ರಾಂತ. “ನಾ ಹೇಳೋತನಕ ತಗೀಬ್ಯಾಡ್ರಿ. ಕಣ್ಣಿದ್ದಲ್ಲಿ ಕಿವಿ ಮಲಗತೈತಿ.”

ಪಕ್ಕದಲ್ಲಿ ಗಂಗೂಬಾಯಿ ಬೆಲ್ಟು ಏರಿಸಿ ಗುಂಡಿ ಒತ್ತಿದಳು. ಈಚೆ ದಾದಾಸಾಹೇಬ ಬಳಗ ಇನ್ನೂ ಕೇಳದ ಹೊಸ ರೆಕಾರ್ಡೊಂದರ ಮೇಲೆ ಸೂಜಿ ಇಳಿಸಿದ. ತಂಬೂರಿ ಎದ್ದಿತು, ಖರ್ಜ ಚಾಪೆಗೆ ಇಳಿಯಿತು.

“ಆಹಾಹಾ,” ಎಂದ ವಿಕ್ರಾಂತ.

ಸಂಗ್ರಾಮ ಯಂತ್ರ ನೋಡಿ ದಾದಾಸಾಹೇಬನ ಕಿವಿಗೆ ಬಾಯಿಟ್ಟ. “ಭಾಳ ಬರಾಕತ್ತೈತ್ರಿ. ಆದ್ರ ಇದು ಗಿರಣೀದೋ, ನಿಮ್ಮ ಸೆಟ್ಟಿಂದೋ?”

ದಾದಾಸಾಹೇಬನಿಗೆ ಉಪಾಯ ಹೊಳೆಯಿತು, ಅವನೂ ಪಿಸುಗುಟ್ಟಿದ: “ಸೆಟ್ಟಿಂದ್ರಿ! ಎಲ್ಲಾ ಸೆಟ್ಟಿಂದ!”

“ಹಂಗಾದ್ರ ನೋಡೇಬಿಡೂಣು,” ಎಂದ ಸಂಗ್ರಾಮ, ಬಾಗಿಲ ಹಿಂದಿನ ಮೇನ್ ಸ್ವಿಚ್ ಇಳಿಸಿದ.

ಮನೆಯ ವಿದ್ಯುತ್ತು ಹೋಯಿತು. ಆಂಪ್ಲಿಫೈಯರಿನ ದೀಪ ಆರಿತು, ರೆಕಾರ್ಡು ನಿಧಾನವಾಗಿ ತಿರುಗಿ ನಿಂತಿತು. ಗಿರಣಿಯ ಮೀಟರು ಬೇರೆ, ಗಿರಣಿ ನಡೆದೇ ಇತ್ತು. ಗಾಯಕ ಇನ್ನೂ ಬಾಯಿ ತೆರೆಯುವ ಮೊದಲೇ ಇದೆಲ್ಲ ಆದದ್ದರಿಂದ, ಕಣ್ಣು ಮುಚ್ಚಿದ್ದ ಬಳಗಕ್ಕೆ ಏನೂ ತಿಳಿಯಲಿಲ್ಲ.

“ಕೇಳ್ರಿ, ಕೇಳ್ರಿ,” ಎಂದ ವಿಕ್ರಾಂತ ಪಿಸುದನಿಯಲ್ಲಿ. “ಈಗ ಹೆಂಗ ಶುದ್ಧ ಆತು ನೋಡ್ರಿ. ಮೊದಲ ಸ್ವಲ್ಪ ಧೂಳಿತ್ತು, ಅದೂ ಹೋತು. ಸೆಟ್ಟು ಐತಿ ಅಂತನ ಅನಸೂದಿಲ್ಲ.”

“ವಾಹವಾ,” ಎಂದಿತು ಬಳಗ.

“ಹಾಡವ ಎಷ್ಟೊತ್ತು ತಡ್ಯಾಕತ್ತಾನ ನೋಡ್ರಿ. ಹಿಂಗ ತಡ್ಯಾಕ ಈಗಿನವರಿಗೆ ಧೈರ್ಯ ಇಲ್ಲ.”

ಗಾಯಕ ತಡೆಯುತ್ತಲೇ ಇದ್ದ. ಬಾಗಿಲಲ್ಲಿ ದ್ರೌಪದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂಗ್ರಾಮ ಯಂತ್ರವನ್ನು ಎರಡು ಸಲ ನೋಡಿ ಗಟ್ಟಿಯಾಗಿಯೇ ಹೇಳಿದ:

“ಸೆಟ್ಟು ಬಂದ್ ಆದ್ರೂ ಹೆಚ್ಚುಕಮ್ಮಿ ಅಷ್ಟ ಐತಿ. ಅಂದ್ರ ಸದ್ದೆಲ್ಲಾ ಗಿರಣೀದ. ನಿಮ್ಮ ದೂರು ಖರೇ ಐತ್ರಿ. ಗಿರಣಿ ಇಲ್ಲಿಂದ ತಗಸಬೇಕಾಗತೈತಿ.”

ಬಳಗ ಕಣ್ಣು ತೆರೆಯಿತು. ನಿಂತ ರೆಕಾರ್ಡು, ಇಳಿದ ಸ್ವಿಚ್ಚು ಕಂಡವು. ಹೊರಗೆ ಕಿಟಕಿಗೆ ಮುಖ ಹಚ್ಚಿದ್ದ ಶೇವಂತಾ ಸುದ್ದಿಯನ್ನು ಪಕ್ಕಕ್ಕೆ ಮುಟ್ಟಿಸಿದಳು. ಗಿರಣಿ ನಿಂತಿತು. ಮೈತುಂಬ ಹಿಟ್ಟಾಗಿದ್ದ ಗಂಗೂಬಾಯಿ ಬಂದು ಹೊಸ್ತಿಲಲ್ಲಿ ನಿಂತಳು. ದಾದಾಸಾಹೇಬನ ಕಡೆ ನೋಡಲಿಲ್ಲ, ಯಂತ್ರದ ಕಡೆ ನೋಡಿದಳು.

“ತಗಸಬ್ಯಾಡ್ರಿ,” ಎಂದ ದಾದಾಸಾಹೇಬ. ದನಿ ನಿಲ್ದಾಣದ ದನಿಯೇ ಆಗಿತ್ತು. “ಖರ್ಜ ಆಕೀದ್ರಿ, ನಂದಲ್ಲ. ಆ ಗಿರಣಿ ನಿಂತ ದಿನದಿಂದ ನನ್ನ ಸೆಟ್ಟಿನ್ಯಾಗ ಏನೂ ಇಲ್ಲ. ಇವರು ಅವತ್ತ ಹೊಗಳಿದ್ದೂ ಗಿರಣೀನ, ಈಗ ಹೊಗಳಿದ್ದೂ ಗಿರಣೀನ. ನನಗ ಆ ಸದ್ದು ತ್ರಾಸ ಇಲ್ಲ. ನನಗದು ಬೇಕು.”

ವಿಕ್ರಾಂತನ ಮುಖ ಅವನ ಜುಬ್ಬಕ್ಕಿಂತ ಬೆಳ್ಳಗಾಯಿತು. ಸಂಗ್ರಾಮ ತಲೆ ಕೆರೆದುಕೊಂಡ.

“ಸದ್ದು ಬೇಕು ಅಂತ ದೂರು ಕೊಡಾಕ ಬರೂದಿಲ್ರಿ. ತ್ರಾಸ ಆದವರು ಬೇಕು. ಇರ್ಲಿ, ಇವರು ಹೊರಗಿನ ಸಾಕ್ಷಿದಾರರು ಅದಾರ.” ಅವನು ವಿಕ್ರಾಂತನ ಕಡೆ ತಿರುಗಿದ. “ನೀವು ಇಷ್ಟೊತ್ತು ಬರೀ ಗಿರಣಿ ಸದ್ದು ಕೇಳೀರಿ. ನಿಮಗ ತ್ರಾಸ ಆತೇನ್ರಿ?”

ಆಯಿತು ಎಂದರೆ ಆಹಾಹಾ ಎಂದದ್ದು ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು. ವಿಕ್ರಾಂತ ಗಂಟಲು ಸರಿಮಾಡಿಕೊಂಡ.

“ತ್ರಾಸ ಅನ್ನಾಕ ಬರೂದಿಲ್ಲ.”

“ಉಳಿದವರಿಗೆ?”

“ಇಲ್ರಿ, ಇಲ್ರಿ,” ಎಂದಿತು ಬಳಗ.

ತ್ರಾಸಪಟ್ಟವರು ಯಾರೂ ಇಲ್ಲವೆಂದು ಸಂಗ್ರಾಮ ಪಂಚನಾಮೆ ಬರೆದ. ಅವನ ಮುಖದಲ್ಲಿ ಬೇಸರವಿತ್ತು. ಗಿರಣಿಯ ತಳಕ್ಕೆ ರಬ್ಬರು ಹಾಕಿಸುವಂತೆ ಸೂಚನೆ ಕೊಟ್ಟು, ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ. “ರಬ್ಬರು ತೆಳ್ಳಂದು ಹಾಕಸ ಬೇ,” ಎಂದು ದಾದಾಸಾಹೇಬ ಮೆಲ್ಲಗೆ ಹೇಳಿದ. ಗಂಗೂಬಾಯಿ ಮೈಮೇಲಿನ ಹಿಟ್ಟನ್ನು ಅವನ ಹೊಸ್ತಿಲ ಮೇಲೆಯೇ ಕೊಡವಿ ಹೊರಟಳು.

ಪಾರಿಸ ಮಾತ್ರ ಕುತೂಹಲದಿಂದ ಸ್ಪೀಕರಿನ ಹಿಂದೆ ಬಗ್ಗಿ ನೋಡಿದ. ಒಂದು ಸ್ಪೀಕರಿಗೆ ಕೆಂಪು ತಂತಿಯ ಜಾಗದಲ್ಲಿ ಕಪ್ಪು, ಕಪ್ಪಿನ ಜಾಗದಲ್ಲಿ ಕೆಂಪು ಸಿಕ್ಕಿಸಲಾಗಿತ್ತು. ಹಾಗಿದ್ದರೆ ಒಂದು ಸ್ಪೀಕರು ದೂಡಿದ ಗಾಳಿಯನ್ನು ಇನ್ನೊಂದು ಎಳೆದುಕೊಳ್ಳುತ್ತದೆ, ಕೆಳಗಿನ ದನಿ ಹುಟ್ಟಿದಲ್ಲೇ ಅಳಿದುಹೋಗುತ್ತದೆ. ಅದನ್ನು ಸರಿಪಡಿಸಿ, ಮೇನ್ ಏರಿಸಿ, ಮತ್ತೆ ಸೂಜಿ ಇಳಿಸಿದರು. ಗಿರಣಿ ನಿಂತಿದ್ದರೂ ತಂಬೂರಿ ತುಂಬಿ ಬಂತು, ಗಾಯಕನೂ ಕೊನೆಗೆ ಬಾಯಿ ತೆರೆದ. ಎಲ್ಲರೂ ವಿಕ್ರಾಂತನ ಮುಖ ನೋಡಿದರು.

“ಬರೋಬರಿ ಐತಿ,” ಎಂದ ವಿಕ್ರಾಂತ, ಚಪ್ಪಲಿ ಮೆಟ್ಟುತ್ತ. “ಆದ್ರ ಮೊದಲಿನ ಸಾಂಗೀತಿಕತೆ ಇಲ್ಲ.”

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಿರಣಿ ಶುರುವಾಯಿತು. ದಾದಾಸಾಹೇಬ ಕೆಲಸಕ್ಕೆ ಹೊರಡುವ ಮೊದಲು ಜೋಳದ ಡಬ್ಬಿ ಹಿಡಿದು ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ. ಗಂಗೂಬಾಯಿ ಅವನ ಡಬ್ಬಿ ಇಸಿದುಕೊಂಡು ಸಾಲಿನ ಕಟ್ಟಕಡೆಗೆ ಇಟ್ಟಳು. ಅಂದು ಅವನಿಗೆ ಚಿಕ್ಕೋಡಿಯ ಬಸ್ಸು ತಪ್ಪಿತು.